ಕೆಲಸ ಸಿಕ್ಕವರು ಹೇಳದೇ ಹೋಗುವ ಜಾಗ

ಒಂದು ತಿಂಗಳಿಂದ ಒಂದೇ ಒಂದು ಮಾತು ನನ್ನ ತಲೆ ತಿನ್ನುತ್ತಿತ್ತು. "ಇನ್ನು ಮುಂದೆ ನಾನು ಗುರುವಾರ ಬರುವುದಿಲ್ಲ." ಇಷ್ಟೇ ಮಾತು. ಇದನ್ನು ಹೇಗೆ ಹೇಳುವುದು, ಯಾರಿಗೆ ಮೊದಲು ಹೇಳುವುದು, ಕಾರಣ ಕೊಡಬೇಕಾ ಬೇಡವಾ, ಏನೂ ತೋಚುತ್ತಿರಲಿಲ್ಲ. ಬೇರೆಯವರ ರಾಜೀನಾಮೆ ಪತ್ರಗಳನ್ನು ಎಷ್ಟು ತಿದ್ದಿದ್ದೇನೋ ಲೆಕ್ಕವಿಲ್ಲ. ಮೂರು ಸಾಲು ಸಾಕು, ಕೊನೆಯ ದಿನ ಯಾವುದು ಅಂತ ಬರೆಯಿರಿ, ಥ್ಯಾಂಕ್ಸ್ ಹೇಳಿ, ಅಲ್ಲಿಗೆ ನಿಲ್ಲಿಸಿ ಅಂತ ಹೇಳಿಕೊಟ್ಟಿದ್ದೇನೆ. ಆದರೆ ನಾನು ಬಿಡುತ್ತಿದ್ದದ್ದು ಕೆಲಸವನ್ನಲ್ಲ. ಅಲ್ಲಿ ಸಂಬಳವಿಲ್ಲ, ಹುದ್ದೆಯಿಲ್ಲ, ಮೇಲಿನವರು ಕೆಳಗಿನವರು ಇಲ್ಲ. ಪತ್ರ ಬರೆದರೂ ಯಾರ ಕೈಗೆ ಕೊಡುವುದು?

ನಮ್ಮದು ಕೆಲಸ ಹುಡುಕುವವರ ಗುಂಪು. ಪ್ರತಿ ಗುರುವಾರ ರಾತ್ರಿ ಎಂಟಕ್ಕೆ ಒಂದು ಕರೆ. ಹತ್ತು ಹದಿನೈದು ಜನ ಸೇರುತ್ತಿದ್ದೆವು. ಕೆಲಸ ಕಳೆದುಕೊಂಡವರು, ಇರುವ ಕೆಲಸದಲ್ಲಿ ಉಸಿರುಗಟ್ಟಿದವರು, ಮಕ್ಕಳನ್ನು ನೋಡಿಕೊಳ್ಳಲು ಐದಾರು ವರ್ಷ ಬಿಟ್ಟು ಮತ್ತೆ ಬಾಗಿಲು ತಟ್ಟುತ್ತಿದ್ದವರು, ಕಾಲೇಜು ಮುಗಿಸಿ ಬಂದ ಹುಡುಗ ಹುಡುಗಿಯರು. ಫೀಸು ಇಲ್ಲ. ಅಧ್ಯಕ್ಷರಿಲ್ಲ. ಇದ್ದದ್ದು ಒಂದೇ ನಿಯಮ. ಕೆಲಸ ಸಿಕ್ಕವರು ಇನ್ನೂ ನಾಲ್ಕು ವಾರ ಬರಬೇಕು. ಹೇಗೆ ಸಿಕ್ಕಿತು, ಏನು ಕೇಳಿದರು, ಎಲ್ಲಿ ತಡವರಿಸಿದಿರಿ ಅಂತ ಉಳಿದವರಿಗೆ ಹೇಳಬೇಕು. ಆ ನಿಯಮವನ್ನು ಪಾಲಿಸಿದವರು ತೀರಾ ಕಮ್ಮಿ. ಅದು ನನಗೆ ಹನ್ನೊಂದು ವರ್ಷ ನೋವು ಕೊಟ್ಟ ವಿಷಯ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

"ಎದ್ದೆ"

ನಾನು ಸೇರಿದ್ದು 2014ರಲ್ಲಿ. ಒಂದು ಮಂಗಳವಾರ ಬೆಳಿಗ್ಗೆ ಮೀಟಿಂಗ್ ಅಂತ ಕರೆದರು. ಹತ್ತು ನಿಮಿಷದಲ್ಲಿ ಎಲ್ಲ ಮುಗಿದಿತ್ತು. ವಾಪಸ್ ಸೀಟಿಗೆ ಬಂದರೆ ನನ್ನ ಪಾಸ್‌ವರ್ಡ್ ಆಗಲೇ ಕೆಲಸ ಮಾಡುತ್ತಿರಲಿಲ್ಲ. ಆರು ವರ್ಷ ದಿನಾ ಬೆಳಿಗ್ಗೆ ಟೈಪ್ ಮಾಡಿದ ಪಾಸ್‌ವರ್ಡ್. ಬೆರಳು ತಪ್ಪಿರಬೇಕು ಅಂದುಕೊಂಡು ಮೂರು ಸಲ ಹಾಕಿ ನೋಡಿದೆ. ಕೆಲಸ ಹೋಯಿತು ಅಂತ ನನಗೆ ಅರ್ಥವಾಗಿದ್ದು ಆ ಮೂರನೇ ಸಲ. ಮೀಟಿಂಗ್‌ನಲ್ಲಿ ಹೇಳಿದ ಮಾತು ಯಾವುದೂ ಈಗ ನೆನಪಿಲ್ಲ.

ಐದು ವಾರ ಆದಮೇಲೆ ಯಾರೋ ಹೇಳಿದರು ಅಂತ ಈ ಗುಂಪಿನ ಕರೆಗೆ ಬಂದೆ. ಕ್ಯಾಮೆರಾ ಹಾಕಲಿಲ್ಲ. ಸುಮ್ನೆ ಕೇಳಿಸಿಕೊಂಡು ಹೋಗೋಣ ಅಂತಿದ್ದೆ. ಅಲ್ಲೊಬ್ಬರು ಹಿರಿಯರಿದ್ದರು. ಐವತ್ತೆಂಟು ವಯಸ್ಸು, ಅವರೂ ಕೆಲಸ ಹುಡುಕುತ್ತಿದ್ದವರೇ. ಯಾಕೆ ತೆಗೆದರು, ಎಷ್ಟು ಸಂಬಳ ಇತ್ತು, ಮುಂದೇನು, ಯಾವುದನ್ನೂ ಅವರು ಕೇಳಲಿಲ್ಲ. "ಈ ವಾರ ಏನು ಮಾಡಿದಿರಿ?" ಅಂದರು. ಏನೂ ಇಲ್ಲ ಅಂದೆ. "ಇವತ್ತು ಎಷ್ಟು ಹೊತ್ತಿಗೆ ಎದ್ದಿರಿ?" ಅಂದರು. ಹನ್ನೊಂದು ಅಂದೆ. ನಿಜ ಹೇಳಬೇಕೆಂದರೆ ಹನ್ನೆರಡೂವರೆ ಆಗಿತ್ತು. "ನಾಳೆ ಒಂಬತ್ತಕ್ಕೆ ನನಗೊಂದು ಮೆಸೇಜ್ ಹಾಕಿ. ಎದ್ದೆ ಅಂತ ಅಷ್ಟೇ. ಬೇರೆ ಏನೂ ಬರೆಯಬೇಡಿ."

ಹಾಕಿದೆ. ಮಾರನೇ ದಿನ, ಅದರ ಮಾರನೇ ದಿನ. ಒಟ್ಟು ನಲವತ್ತಮೂರು ದಿನ "ಎದ್ದೆ" ಅಂತ ಕಳಿಸಿದ್ದೇನೆ. ಒಂದು ದಿನವೂ ಅವರು ಶಹಬ್ಬಾಸ್ ಅನ್ನಲಿಲ್ಲ, ಬುದ್ಧಿ ಹೇಳಲಿಲ್ಲ. "ಸರಿ" ಅಂತ ಎರಡಕ್ಷರ ಬರುತ್ತಿತ್ತು. ಆ ಎರಡಕ್ಷರ ನೋಡಲಿಕ್ಕೆ ನಾನು ಅಲಾರಂ ಇಡುತ್ತಿದ್ದೆ.

ಎಷ್ಟೋ ವರ್ಷ ಆದಮೇಲೆ ಮಾರಿಯೆಂಟಾಲ್ ಬಗ್ಗೆ ಓದಿದೆ. ಆಸ್ಟ್ರಿಯಾದಲ್ಲಿ ವಿಯೆನ್ನಾ ಹತ್ತಿರದ ಒಂದು ಹಳ್ಳಿ. ಇಡೀ ಊರಿಗೆ ಅನ್ನ ಕೊಡುತ್ತಿದ್ದ ಬಟ್ಟೆ ಮಿಲ್ 1930ರ ಹೊತ್ತಿಗೆ ಮುಚ್ಚಿಹೋಯಿತು. ಮರೀ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಎಂಬ ಸಂಶೋಧಕರು ಮತ್ತು ಅವರ ಜೊತೆಯವರು ಅಲ್ಲಿಗೆ ಹೋಗಿ ಜನರ ಬದುಕನ್ನು ಹತ್ತಿರದಿಂದ ನೋಡಿ 1933ರಲ್ಲಿ ಪ್ರಕಟಿಸಿದರು. ಅವರು ಗಡಿಯಾರ ಹಿಡಿದು ಬೀದಿಯಲ್ಲಿ ಜನ ನಡೆಯುವ ವೇಗವನ್ನೂ ಅಳೆದಿದ್ದರು. ಕೆಲಸ ಹೋದ ಗಂಡಸರು ನಿಧಾನ ನಡೆಯುತ್ತಿದ್ದರು, ದಾರಿಯಲ್ಲಿ ಆಗಾಗ ನಿಲ್ಲುತ್ತಿದ್ದರು. ಹೆಂಗಸರು ಅಷ್ಟು ನಿಲ್ಲುತ್ತಿರಲಿಲ್ಲ, ಮನೆಗೆಲಸ ಅವರನ್ನು ಬಿಟ್ಟಿರಲಿಲ್ಲವಲ್ಲ. ಹಳ್ಳಿಯ ಲೈಬ್ರರಿಯಲ್ಲಿ ಪುಸ್ತಕಕ್ಕೆ ಶುಲ್ಕ ತೆಗೆದುಹಾಕಿದ್ದರೂ ಓದಲು ಒಯ್ಯುವವರು ಕಮ್ಮಿಯಾಗಿದ್ದರು. ಕೈತುಂಬಾ ಸಮಯ, ಆದರೆ ಅದನ್ನು ಹಿಡಿದುಕೊಳ್ಳುವ ಹಿಡಿಯೇ ಮುರಿದುಹೋಗಿತ್ತು. ಓದುತ್ತಾ ಓದುತ್ತಾ ನನ್ನ ಆ ಐದು ವಾರ ಕಣ್ಣ ಮುಂದೆ ಬಂತು. ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ ನಾನು ನಡೆದದ್ದೂ ಹಾಗೇ. ಹಿರಿಯರು ಕೇಳಿದ ಪ್ರಶ್ನೆ ಎಷ್ಟು ಸರಿಯಾದ ಜಾಗ ಮುಟ್ಟಿತ್ತು ಅಂತ ಆಗ ತಿಳಿಯಿತು. ಅವರು ಈ ಅಧ್ಯಯನ ಓದಿದ್ದರಾ? ಅನುಮಾನ. ಅವರೂ ಹನ್ನೆರಡೂವರೆಗೆ ಎದ್ದ ದಿನಗಳನ್ನು ಕಂಡಿದ್ದರು, ಅಷ್ಟೇ ಇರಬೇಕು.

ನನಗೆ ಕೆಲಸ ಸಿಕ್ಕಿತು. ನಾಲ್ಕು ವಾರ ಬಂದೆ. ಐದನೇ ವಾರವೂ ಬಂದೆ. ಆಮೇಲೆ ಬಿಡಲೇ ಇಲ್ಲ.

ಹತ್ತು ಸೆಕೆಂಡ್

ಆ ಹನ್ನೊಂದು ವರ್ಷದಲ್ಲಿ ನಾವು ಮಾಡಿದ್ದೇನು ಅಂತ ಯಾರಾದರೂ ಕೇಳಿದರೆ ಒಂದು ರಾತ್ರಿಯ ಕತೆ ಹೇಳುತ್ತೇನೆ. ಹದಿನಾಲ್ಕು ವರ್ಷ ಶಾಲೆಯಲ್ಲಿ ಪಾಠ ಮಾಡಿದ್ದ ಒಬ್ಬ ಮೇಡಂ ಇದ್ದರು. ಕಂಪನಿಯೊಂದರಲ್ಲಿ ಹೊಸಬರಿಗೆ ತರಬೇತಿ ಕೊಡುವ ಕೆಲಸಕ್ಕೆ ಆಯ್ಕೆಯಾಗುವ ಹಂತದಲ್ಲಿದ್ದರು. ಮಾರನೇ ದಿನ ಸಂಬಳದ ಮಾತು. ಎಷ್ಟು ಕೇಳಬೇಕು ಅಂತ ನಾವೆಲ್ಲ ಸೇರಿ ಲೆಕ್ಕ ಹಾಕಿಕೊಟ್ಟಿದ್ದೆವು. ಅಂಕಿ ಅವರಿಗೆ ಒಪ್ಪಿಗೆಯಾಗಿತ್ತು. ತೊಂದರೆ ಇದ್ದದ್ದು ಅಂಕಿ ಹೇಳಿದ ನಂತರದ ಮಾತಿನಲ್ಲಿ.

ನಾನು ಕಂಪನಿಯವನ ಪಾತ್ರ ಮಾಡಿದೆ. "ನಿಮ್ಮ ನಿರೀಕ್ಷೆ ಎಷ್ಟು?" ಅಂದೆ. ಅವರು ಅಂಕಿ ಹೇಳಿದರು. ಉಸಿರು ತೆಗೆದುಕೊಳ್ಳುವಷ್ಟರಲ್ಲಿ, "ಆದರೆ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ" ಅಂದುಬಿಟ್ಟರು. ಇನ್ನೊಂದು ಸಲ. ಈ ಸಲ, "ಅದು ಜಾಸ್ತಿ ಅನ್ನಿಸಿದರೆ ಹೇಳಿ." ಮೂರನೇ ಸಲ, "ನನಗೆ ಈ ಕ್ಷೇತ್ರ ಹೊಸದು, ಗೊತ್ತು." ಪ್ರತಿ ಸಲವೂ ಅವರೇ ತಮ್ಮ ಬೆಲೆ ಇಳಿಸುತ್ತಿದ್ದರು. ಎದುರಿನವರು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಆಗ ಗುಂಪಿನಲ್ಲೊಬ್ಬರು, "ಮೇಡಂ, ಕ್ಲಾಸಿನಲ್ಲಿ ಪ್ರಶ್ನೆ ಕೇಳಿದ ಮೇಲೆ ಏನು ಮಾಡುತ್ತೀರಿ?" ಅಂದರು. "ಕಾಯುತ್ತೇನೆ" ಅಂದರು ಮೇಡಂ. "ಯಾರೂ ಕೈ ಎತ್ತದಿದ್ದರೆ?" "ಆಗಲೂ ಕಾಯುತ್ತೇನೆ." "ಇಲ್ಲೂ ಹಾಗೇ ಮಾಡಿ, ಅಲ್ವಾ?"

ಏಳನೇ ಸಲ. ನಾನು ಕೇಳಿದೆ. ಅವರು ಅಂಕಿ ಹೇಳಿದರು. ನಿಲ್ಲಿಸಿದರು. ನಾನು ಬೇಕೆಂದೇ ಮಾತಾಡಲಿಲ್ಲ. ಹನ್ನೆರಡು ಜನ ಕರೆಯಲ್ಲಿದ್ದೆವು, ಒಬ್ಬರೂ ಕೆಮ್ಮಲಿಲ್ಲ. ಅವರ ತುಟಿ ಒಂದು ಸಲ ಅಲುಗಿತು. ಮತ್ತೆ ಮುಚ್ಚಿಕೊಂಡಿತು. ಅವರ ಕೈಲಿ ಒಂದು ಪೆನ್ನು ಇತ್ತು. ಅದರ ಮುಚ್ಚಳವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದುಕೊಂಡಿದ್ದರು. ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿದೆ. ಹತ್ತು ಸೆಕೆಂಡ್ ಎಷ್ಟು ಉದ್ದ ಅಂತ ಆವತ್ತು ಗೊತ್ತಾಯಿತು. ಕೊನೆಗೆ ನಾನೇ "ಸರಿ, ನೋಡೋಣ" ಅಂದೆ. ಎಲ್ಲರೂ ಒಮ್ಮೆಗೇ ಚಪ್ಪಾಳೆ ತಟ್ಟಿದರು. ಮೇಡಂ ಕಣ್ಣು ಒರೆಸಿಕೊಂಡರು.

ಮಾರನೇ ಗುರುವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಒಂದು ತಿಂಗಳಾದ ಮೇಲೆ ಅವರ ಪ್ರೊಫೈಲ್‌ನಲ್ಲಿ ಹೊಸ ಹುದ್ದೆಯ ಹೆಸರು ಕಂಡಿತು. ಕೆಲಸ ಸಿಕ್ಕಿತ್ತು. ಆ ಅಂಕಿಯೇ ಸಿಕ್ಕಿತಾ? ನಮಗೆ ಇವತ್ತಿಗೂ ಗೊತ್ತಿಲ್ಲ.

ಹೇಳದೇ ಹೋದವರು

ನನಗೆ ತುಂಬಾ ಬೇಜಾರಾಗಿತ್ತು. ಆ ಮೇಡಂ ಒಬ್ಬರೇ ಅಲ್ಲ, ಹೆಚ್ಚಿನವರು ಹಾಗೇ ಹೋಗುತ್ತಿದ್ದರು. ವಾರಗಟ್ಟಲೆ ತಮ್ಮ ಭಯ, ಸಾಲ, ಮನೆಯವರಿಗೂ ಹೇಳದ ಸಂಗತಿಗಳನ್ನು ನಮ್ಮ ಮುಂದೆ ಬಿಚ್ಚಿಟ್ಟವರು, ಒಂದು ಸಣ್ಣ ಮಾತೂ ಹೇಳದೆ ಹೊರಟುಬಿಡುತ್ತಿದ್ದರು. ಇಷ್ಟೇನಾ ನಮ್ಮ ಸಂಬಂಧ ಅನ್ನಿಸುತ್ತಿತ್ತು. ಒಂದೆರಡು ಸಲ ಸಿಟ್ಟಿನಲ್ಲಿ ಮೆಸೇಜ್ ಬರೆದು, ಕಳಿಸದೆ ಅಳಿಸಿದ್ದೇನೆ.

1973ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ ಒಂದು ಲೇಖನ ಪ್ರಕಟಿಸಿದರು. ಹೊಸದಾಗಿ ಕೆಲಸ ಬದಲಿಸಿದವರನ್ನು ಮಾತಾಡಿಸಿ, ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ ಆ ಪರಿಚಯ ಎಷ್ಟು ಹತ್ತಿರದ್ದು ಅಂತ ಕೇಳಿದ್ದರು. ಅಡಿಗಡಿಗೆ ಭೇಟಿಯಾಗುವವರಿಂದ ಕೆಲಸದ ಸುದ್ದಿ ಸಿಕ್ಕಿದ್ದು 16.7 ಶೇಕಡಾ ಜನಕ್ಕೆ ಮಾತ್ರ. ಆಗೊಮ್ಮೆ ಈಗೊಮ್ಮೆ ಕಾಣುವವರಿಂದ ಸಿಕ್ಕಿದ್ದು 55.6 ಶೇಕಡಾ ಜನಕ್ಕೆ. ವರ್ಷಕ್ಕೊಮ್ಮೆ ಕಂಡರೆ ಹೆಚ್ಚು ಅನ್ನುವಂಥವರಿಂದ 27.8 ಶೇಕಡಾ ಜನಕ್ಕೆ. ಕಾರಣ ಸರಳ. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ದೂರದಿಂದ. ಅವರು ಇದನ್ನು ದುರ್ಬಲ ಸಂಬಂಧಗಳ ಬಲ ಅಂತ ಕರೆದರು.

ಮೊದಲು ಓದಿದಾಗ ಆ "ದುರ್ಬಲ" ಅನ್ನುವ ಪದ ನನಗೆ ಚುಚ್ಚಿತ್ತು. ಒಬ್ಬರ ಬ್ಯಾಂಕಿನಲ್ಲಿ ಇನ್ನೆಷ್ಟು ತಿಂಗಳಿಗೆ ಆಗುವಷ್ಟು ದುಡ್ಡಿದೆ ಅಂತ ಗೊತ್ತಿರುವ ಸಂಬಂಧ ದುರ್ಬಲ ಹೇಗಾಗುತ್ತದೆ? ಆಮೇಲೆ ಯೋಚಿಸಿದೆ. ಅವರು ಅದನ್ನು ನಮಗೆ ಹೇಳಿದ್ದು ಯಾಕೆ? ನಾವು ಅವರ ಮನೆಗೆ ಬರುವವರಲ್ಲ ಅಂತಲೇ. ಮದುವೆ ಮುಂಜಿಯಲ್ಲಿ ಎದುರಾಗಿ "ಆಗ ಕೆಲಸ ಇರಲಿಲ್ಲವಲ್ಲ ನಿಮಗೆ" ಅನ್ನುವವರಲ್ಲ ಅಂತಲೇ. ನಮ್ಮ ದೂರ ಅವರಿಗೆ ಬೇಕಿತ್ತು. ಕೆಲಸ ಸಿಕ್ಕಮೇಲೆ ನಮ್ಮ ಮುಖ ನೋಡಿದರೆ ಅವರಿಗೆ ನೆನಪಾಗುವುದು ತಮ್ಮ ಜೀವನದ ಅತಿ ಕೆಟ್ಟ ತಿಂಗಳುಗಳು. ಆ ದಿನಗಳ ಕಡೆ ತಿರುಗಿ ನೋಡಲು ಎಲ್ಲರಿಗೂ ಆಗುವುದಿಲ್ಲ. ನನ್ನ ಹಳೇ ಆಫೀಸಿನ ಬೀದಿಯಲ್ಲಿ ನಾನೂ ಎಷ್ಟೋ ವರ್ಷ ನಡೆದಿರಲಿಲ್ಲ.

ಇನ್ನೂ ಒಂದು ವಿಷಯ ನನ್ನ ಸಿಟ್ಟನ್ನು ಕರಗಿಸಿತು. ನಮ್ಮಂಥ ಗುಂಪುಗಳಿಗೆ ಒಂದು ಹಿಂದಿನ ಕತೆ ಇದೆ. ನೇಥನ್ ಆಜ್ರಿನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು 1975ರಲ್ಲಿ ಕೆಲಸ ಹುಡುಕುವವರ ಕ್ಲಬ್ ಬಗ್ಗೆ ಬರೆದರು. ಕೆಲಸವಿಲ್ಲದವರು ಒಟ್ಟಿಗೆ ಕೂತು ಹುಡುಕುವುದು, ಇಬ್ಬಿಬ್ಬರು ಜೋಡಿಯಾಗಿ ಒಬ್ಬರ ಮೇಲೊಬ್ಬರು ಕಣ್ಣಿಡುವುದು, ತನಗೆ ಒಗ್ಗದ ಕೆಲಸದ ಸುದ್ದಿಯನ್ನು ಪಕ್ಕದವರಿಗೆ ಕೊಡುವುದು. ಎರಡು ತಿಂಗಳಲ್ಲಿ ಕ್ಲಬ್ಬಿನವರಲ್ಲಿ 90 ಶೇಕಡಾ ಜನಕ್ಕೆ ಕೆಲಸ ಸಿಕ್ಕಿತ್ತು. ತಮ್ಮಷ್ಟಕ್ಕೆ ಹುಡುಕಿದವರಲ್ಲಿ 55 ಶೇಕಡಾ. ಈ ಅಂಕಿಯನ್ನು ನಾನು ಹೊಸಬರಿಗೆ ಧೈರ್ಯ ಹೇಳಲು ಎಷ್ಟೋ ಸಲ ಬಳಸಿದ್ದೇನೆ. ಒಂದು ದಿನ ಅದನ್ನೇ ತಿರುಗಿಸಿ ನೋಡಿದೆ. ಎರಡು ತಿಂಗಳಲ್ಲಿ ನೂರಕ್ಕೆ ತೊಂಬತ್ತು ಜನ ಎದ್ದುಹೋಗುವ ಜಾಗ ಅದು. ಕುರ್ಚಿ ಖಾಲಿಯಾದರೆ ಮಾತ್ರ ಅದು ಸರಿಯಾಗಿ ನಡೆಯುತ್ತಿದೆ ಅಂತ ಅರ್ಥ. ಖಾಲಿ ಕುರ್ಚಿ ನೋಡಿ ಬೇಜಾರು ಮಾಡಿಕೊಂಡಿದ್ದು ನನ್ನ ತಪ್ಪು.

ಆದರೂ ಒಬ್ಬರ ವಿಷಯದಲ್ಲಿ ನನಗೆ ಸಮಾಧಾನ ಸಿಕ್ಕಿಲ್ಲ. "ಸರಿ" ಅಂತ ಕಳಿಸುತ್ತಿದ್ದ ಹಿರಿಯರು. ನನಗೆ ಕೆಲಸ ಸಿಕ್ಕ ವರ್ಷದ ಕೊನೆಯಲ್ಲಿ ಒಂದು ಗುರುವಾರ ಅವರು ಬರಲಿಲ್ಲ. ಮತ್ತೆ ಬರಲೇ ಇಲ್ಲ. ಮೆಸೇಜ್ ಹಾಕಿದೆ, ಉತ್ತರವಿಲ್ಲ. ಫೋನ್ ಮಾಡಿದೆ, ನಂಬರು ಬದಲಾಗಿತ್ತು. ಎರಡು ವರ್ಷ ಹುಡುಕಿದ್ದರು ಅವರು. ಐವತ್ತೆಂಟರಲ್ಲಿ ಬಾಗಿಲು ತೆಗೆಯುವವರು ಕಮ್ಮಿ, ಅದು ನಮಗೆಲ್ಲ ಗೊತ್ತಿತ್ತು. ಸಿಕ್ಕಿತಾ? ಹುಡುಕುವುದನ್ನೇ ಬಿಟ್ಟರಾ? ಆರೋಗ್ಯ ಕೆಟ್ಟಿತಾ? ನನಗೆ ದಿನಾ ಬೆಳಿಗ್ಗೆ ಉತ್ತರ ಕೊಟ್ಟವರು ಅವರ ಬೆಳಿಗ್ಗೆ ಹೇಗೆ ಕಳೆಯುತ್ತಿದ್ದರೋ ನಾನು ಒಂದು ದಿನವೂ ಕೇಳಲಿಲ್ಲ. ನಾನು ಗುಂಪಿನಲ್ಲಿ ಉಳಿದಿದ್ದಕ್ಕೆ ಇದೂ ಒಂದು ಕಾರಣ. ಅವರು ಕೇಳುತ್ತಿದ್ದ ಪ್ರಶ್ನೆಯನ್ನು ಯಾರಾದರೂ ಕೇಳಬೇಕಿತ್ತು. ಅವರು ವಾಪಸ್ ಬಂದರೆ ಗುರುತಿನವರು ಒಬ್ಬರಾದರೂ ಇರಲಿ ಅಂತಲೂ ಅನ್ನಿಸುತ್ತಿತ್ತು.

ಯಾಕೆ ಹೊರಟೆ

ಈ ವರ್ಷದ ಶುರುವಿನಲ್ಲಿ ಒಬ್ಬ ಹುಡುಗ ಬಂದ. ಇನ್ನೂರಕ್ಕಿಂತ ಜಾಸ್ತಿ ಅರ್ಜಿ ಹಾಕಿದ್ದ. ಒಂದು ಕಡೆಯಿಂದ ಮೊದಲ ಸುತ್ತಿಗೆ ಕರೆ ಬಂದಿತ್ತು. ನಾನು ಎಂದಿನಂತೆ ಶುರು ಮಾಡಿದೆ. ಎದುರಿಗೆ ಕೂತವರ ಹೆಸರು ತಿಳಿದುಕೊಳ್ಳಿ. ಅವರು ತಲೆಯಾಡಿಸುತ್ತಿದ್ದಾರಾ ನೋಡಿ. ಆಸಕ್ತಿ ಕಳೆದುಕೊಂಡರೆ ಮಾತು ಮೊಟಕು ಮಾಡಿ. ಕೊನೆಯಲ್ಲಿ ಅವರಿಗೇ ಒಂದು ಪ್ರಶ್ನೆ ಕೇಳಿ. ಹುಡುಗ ಬರೆದುಕೊಳ್ಳುತ್ತಿದ್ದ. ಆಗ, ಮೂರು ವಾರದ ಹಿಂದಷ್ಟೇ ಕೆಲಸ ಸಿಕ್ಕಿದ್ದ ಒಬ್ಬ ಹುಡುಗಿ ಮೆಲ್ಲಗೆ ಹೇಳಿದಳು. "ಆ ಸುತ್ತಿನಲ್ಲಿ ಎದುರಿಗೆ ಯಾರೂ ಇರುವುದಿಲ್ಲ. ಸ್ಕ್ರೀನ್ ಮೇಲೆ ಪ್ರಶ್ನೆ ಬರುತ್ತದೆ. ಯೋಚಿಸಲು ಅರ್ಧ ನಿಮಿಷ, ಮಾತಾಡಲು ಎರಡು ನಿಮಿಷ. ಕ್ಯಾಮೆರಾಗೆ ಹೇಳಬೇಕು. ಯಾರೂ ತಲೆಯಾಡಿಸುವುದಿಲ್ಲ, ಅದೇ ಕಷ್ಟ. ನಾನು ಕ್ಯಾಮೆರಾ ಪಕ್ಕ ಅಕ್ಕನ ಫೋಟೋ ಅಂಟಿಸಿಕೊಂಡು ಮಾತಾಡಿದೆ."

ಹುಡುಗ ಬರೆದುಕೊಂಡಿದ್ದನ್ನು ಹೊಡೆದುಹಾಕಿ ಅವಳ ಮಾತು ಬರೆದುಕೊಂಡ. ಅವನ ಪೆನ್ನು ಅಡ್ಡ ಎಳೆದಿದ್ದು ಸ್ಕ್ರೀನಿನಲ್ಲಿ ನನಗೆ ಕಂಡಿತು. ಅವನು ಮಾಡಿದ್ದು ಸರಿ.

ನಾನು ಕೊನೆಯ ಸಲ ಇಂಟರ್‌ವ್ಯೂಗೆ ಕೂತು ಒಂಬತ್ತು ವರ್ಷ ಆಗಿದೆ. ಯಾರೂ ಇಲ್ಲದ ಸ್ಕ್ರೀನಿಗೆ ನಾನು ಒಂದು ದಿನವೂ ಮಾತಾಡಿಲ್ಲ. ನೂರಾರು ಅರ್ಜಿಗಳ ಪತ್ರವನ್ನು ಎಐ ಬರೆದುಕೊಡುವಾಗ ನಮ್ಮ ಪತ್ರ ಎದ್ದು ಕಾಣುವುದು ಹೇಗೆ ಅಂತ ನನಗೆ ಸ್ವಂತ ಅನುಭವದಿಂದ ಗೊತ್ತಿಲ್ಲ. ಕೇಳಿ ತಿಳಿದದ್ದನ್ನು ಹೇಳಬಲ್ಲೆ, ಅಷ್ಟೇ. ಕೆಲವು ಹಳೆಯದಾಗುವುದಿಲ್ಲ. ಅಂಕಿ ಹೇಳಿ ಸುಮ್ಮನಿರುವುದು, ಹಳೇ ಬಾಸನ್ನು ಬೈಯದಿರುವುದು, ಬೆಳಿಗ್ಗೆ ಏಳುವುದು. ಆದರೆ ಇಷ್ಟಕ್ಕೆ ವಾರಾ ವಾರಾ ಅರ್ಧ ಗಂಟೆ ನಾನೇ ಮಾತಾಡಬೇಕಿಲ್ಲ. ಈ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಉಪಯೋಗಕ್ಕೆ ಬರುವವರು ಹೋದ ತಿಂಗಳು ಆ ಬಾಗಿಲು ದಾಟಿದವರು. ನಾನು ಮಾತಾಡುತ್ತಿದ್ದರೆ ಅವರು ಗೌರವಕ್ಕೆ ಸುಮ್ಮನಿರುತ್ತಾರೆ. ಆ ಹುಡುಗಿ ಆವತ್ತು ಮಾತಾಡಲು ಎಷ್ಟು ಹಿಂಜರಿದಳು ಅನ್ನುವುದನ್ನು ನಾನು ನೋಡಿದ್ದೇನೆ.

ಇನ್ನೊಂದು ಮಾತೂ ಇದೆ. ಕೆಲವು ವರ್ಷಗಳಿಂದ ಗುರುವಾರ ಅವರಿಗಿಂತ ನನಗೇ ಹೆಚ್ಚು ಬೇಕಾಗಿತ್ತು. ವಾರವಿಡೀ ಆಫೀಸಿನಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಗುರುವಾರ ಎಂಟಕ್ಕೆ ಹತ್ತು ಜನ ಕೇಳುತ್ತಾರೆ. ಅದನ್ನು ಬಿಡುವುದು ಕಷ್ಟ. ಅದಕ್ಕೇ ಇಷ್ಟು ತಡವಾಯಿತು.

ಕೊನೆಯ ಗುರುವಾರ

ನನ್ನ ಹತ್ತಿರ ಮೂರು ನೋಟ್‌ಬುಕ್ ಇದ್ದವು. ಸುಮಾರು ನಾನೂರು ಹೆಸರು. ಹೆಸರಿನ ಮುಂದೆ ಹುಡುಕುತ್ತಿದ್ದ ಕೆಲಸ, ಅದರ ಮುಂದೆ ಸಂಬಳ, ಕೊನೆಯಲ್ಲಿ ಸಿಕ್ಕಿದ್ದರೆ ಒಂದು ಗುರುತು. ಅರ್ಧಕ್ಕಿಂತ ಹೆಚ್ಚು ಹೆಸರುಗಳ ಮುಂದೆ ಆ ಜಾಗ ಖಾಲಿ. ಮುಂದೆ ನೋಡಿಕೊಳ್ಳುವವರಿಗೆ ಕೊಡೋಣ ಅಂತ ಮೊದಲು ಅಂದುಕೊಂಡಿದ್ದೆ. ಆಮೇಲೆ ಬೇಡ ಅನ್ನಿಸಿತು. ಅವು ಒಂದು ಕಾಲದಲ್ಲಿ ನನ್ನನ್ನು ನಂಬಿ ಹೇಳಿದ ಸಂಗತಿಗಳು. ಒಂದೊಂದೇ ಹಾಳೆ ಹರಿದೆ. ಎರಡು ಸಂಜೆ ಹಿಡಿಯಿತು, ಯಾಕೆಂದರೆ ಹರಿಯುವ ಮೊದಲು ಓದುತ್ತಿದ್ದೆ. ಹಿರಿಯರ ಹೆಸರಿದ್ದ ಹಾಳೆ ಇಟ್ಟುಕೊಂಡೆ. ಪೆನ್ನಿನ ಮುಚ್ಚಳ ಒತ್ತಿ ಹಿಡಿದಿದ್ದ ಮೇಡಂ ಹೆಸರಿನ ಮುಂದೆ ಗುರುತು ಹಾಕಿರಲಿಲ್ಲ. ಹಾಕಿ, ಆಮೇಲೆ ಹರಿದೆ.

ಗುರುವಾರ ಎಂಟಕ್ಕೆ ಸೇರಿದೆವು. ಕಾರ್ಡಿನ ಮೇಲೆ ಮೂರು ಸಾಲು ಬರೆದಿಟ್ಟುಕೊಂಡಿದ್ದೆ. "ಒಂದು ವಿಷಯ ಹೇಳಬೇಕಿತ್ತು" ಅಂತ ಶುರು ಮಾಡಿದೆ. ಮೊದಲ ಸಾಲು ಹೇಳಿದೆ. ಎಲ್ಲರೂ ಸುಮ್ಮನಾದರು. ಒಬ್ಬರು "ಅಯ್ಯೋ, ಯಾಕೆ?" ಅಂದರು. ಎರಡನೇ ಸಾಲು ಶುರು ಮಾಡುವಷ್ಟರಲ್ಲಿ ಹೊಸಬರೊಬ್ಬರು ಕರೆಗೆ ಸೇರಿದರು. ಕ್ಯಾಮೆರಾ ಇಲ್ಲ. ಕಪ್ಪು ಚೌಕದಲ್ಲಿ ಒಂದು ಹೆಸರು ಮಾತ್ರ. "ಸಾರಿ, ಇದೇನಾ ಆ ಗುಂಪು? ಲೇಟಾಯಿತು" ಅಂತ ಸಣ್ಣ ದನಿ. "ಇದೇ, ಬನ್ನಿ" ಅಂದೆ. ಕಾರ್ಡನ್ನು ಬೋರಲು ಮಾಡಿ ಮೇಜಿನ ಮೇಲಿಟ್ಟೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅವರು ನನಗಾಗಿ ಕಾಯುತ್ತಿದ್ದರು. ಹೊಸಬರನ್ನು ಮಾತಾಡಿಸುವುದು ಯಾವಾಗಲೂ ನಾನೇ. ನಾನು ಬಾಯಿ ತೆರೆಯಲಿಲ್ಲ. ಎಣಿಸುತ್ತಾ ಕೂತೆ. ಎಂಟಕ್ಕೋ ಒಂಬತ್ತಕ್ಕೋ ಬಂದಿದ್ದೆ, ಆಗ ಆ ಹುಡುಗಿ, ಅಕ್ಕನ ಫೋಟೋ ಅಂಟಿಸಿಕೊಂಡವಳು, ತನ್ನ ಮೈಕ್ ಆನ್ ಮಾಡಿದಳು.

"ಈ ವಾರ ಏನು ಮಾಡಿದಿರಿ?"

ಏನೂ ಇಲ್ಲ ಅಂತ ಕಪ್ಪು ಚೌಕದಿಂದ ಉತ್ತರ ಬಂತು.

"ಇವತ್ತು ಎಷ್ಟು ಹೊತ್ತಿಗೆ ಎದ್ದಿರಿ?"

"ಹನ್ನೊಂದು" ಅಂದಿತು ಆ ದನಿ. ನಾನು ಕರೆಯಿಂದ ಹೊರಗೆ ಬಂದೆ.